ಬೆಲ್ಮೊರಾನ್ ಗೋಪುರದ ಮರದ ಗಂಟೆ

ನಾನು ಒಂದು ಮರದ ಗಂಟೆ. ಮರದ್ದು ಎಲ್ಲಾದರೂ ಗಂಟೆಯಾದೀತೇ ಎಂದು ನೀವು ಹುಬ್ಬೇರಿಸಿದರೆ ನನಗೆ ಬೇಸರವಿಲ್ಲ. ಗೋಪುರದಲ್ಲಿ ನನ್ನ ಪಕ್ಕದಲ್ಲೇ ತೂಗುತ್ತಿದ್ದ ಕಂಚಿನ ದೊಡ್ಡಮ್ಮಂದಿರು ನಾನು ಬಂದ ದಿನದಿಂದಲೂ ಹುಬ್ಬೇರಿಸಿಕೊಂಡೇ ಇದ್ದರು. ನಮ್ಮ ಸೀಮೆಯಲ್ಲಿ ನನ್ನನ್ನು ಮತ್ರಾಕ ಎನ್ನುತ್ತಾರೆ. ಗಾಡಿಚಕ್ರದಷ್ಟು ಅಗಲದ ಮರದ ಶಿಲುಬೆ ಎಂದುಕೊಳ್ಳಿ. ಅದರ ತೋಳು ತೋಳಿಗೂ ಒಂದೊಂದು ಹಲಗೆ, ಹಲಗೆಯ ಮೇಲೆ ಚರ್ಮದ ಕೀಲಿನಲ್ಲಿ ಆಡುವ ಪುಟ್ಟ ಸುತ್ತಿಗೆಗಳು. ಹಿಡಿಕೆ ಹಿಡಿದು ತಿರುಗಿಸಿದರೆ ಸುತ್ತಿಗೆಗಳು ಒಂದರ ಹಿಂದೊಂದು ಎದ್ದು ಹಲಗೆಗೆ ಬಡಿಯುತ್ತವೆ. ಠಕ ಠಕ ಠಕ ಠಕ. ಇಷ್ಟೇ ನನ್ನ ಸಂಗೀತ. ಅದನ್ನು ಇಂಪು ಎಂದವರು ಯಾರೂ ಇಲ್ಲ, ಆದರೆ ಹೊಳೆಯಾಚೆಯ ದಡದ ತನಕ ಕೇಳುತ್ತದೆ.

ಹುಟ್ಟುವುದಕ್ಕೆ ಮುಂಚೆ ನಾನು ಬಿಷಪ್ಪರ ತೋಟದಲ್ಲಿ ಆಕ್ರೋಟು ಮರವಾಗಿದ್ದೆ. ಒಂದು ಬಿರುಗಾಳಿಗೆ ಮಗುಚಿ ಬಿದ್ದೆ. ಒಲೆಗೆ ಹೋಗಬೇಕಾಗಿದ್ದವನನ್ನು ತೆಲ್ಮೊ ಎಂಬ ಬಡಗಿ ಕಂಡು, ಈ ಮರದಲ್ಲಿ ದನಿ ಇದೆ ಎಂದು ಗೆಣ್ಣಿನಿಂದ ತಟ್ಟಿ ನೋಡಿ ಎತ್ತಿಕೊಂಡು ಹೋದ. ಸುತ್ತಿಗೆಗಳನ್ನು ಮುದಿ ಆಲಿವ್ ಮರದಿಂದ ಕಡೆದ. ಅವನು ಮಹಾ ಮುಂಗೋಪಿ. ನನ್ನನ್ನು ಗೋಪುರಕ್ಕೇರಿಸಿದ ದಿನ ಗಂಟೆ ಹೊಡೆಯುವವನಿಗೆ, "ಬಲಕ್ಕೇ ತಿರುಗಿಸ್ಬೇಕು. ಎಡಕ್ಕೆ ತಿರುಗಿಸಿದ್ರೆ ಕೀಲು ಕಿತ್ಕೊಂಡು ಬರುತ್ತೆ, ಆಮೇಲೆ ನನ್ನ ಹತ್ರ ಬರ್ಬೇಡ" ಎಂದು ಗದರಿಸಿ ಇಳಿದು ಹೋದ. ನನಗೆ ಜೀವ ಕೊಟ್ಟ ಕೈ ಅದು, ಇಂದಿಗೂ ಅದನ್ನು ನೆನೆಯುತ್ತೇನೆ.

ನನಗೆ ವರ್ಷದಲ್ಲಿ ಕೆಲಸ ಇದ್ದದ್ದು ಈಸ್ಟರ್ ಹಬ್ಬದ ಹಿಂದಿನ ಎರಡು ಮೂರು ದಿನ ಮಾತ್ರ. ಸ್ವಾಮಿ ಶಿಲುಬೆಯ ಮೇಲೆ ಸತ್ತ ದುಃಖಕ್ಕೆ ಆಗ ಕಂಚಿನ ಗಂಟೆಗಳು ಬಾಯಿ ಬಿಡಬಾರದು. ಅವುಗಳ ನಾಲಿಗೆಗೆ ಗೋಣಿ ಸುತ್ತಿ, ಒದ್ದೆ ಹಗ್ಗದಿಂದ ಬಿಗಿದು ಕಟ್ಟುತ್ತಾರೆ. ಗಂಟೆಗಳೆಲ್ಲ ರೋಮಿಗೆ ಹಾರಿಹೋಗಿವೆ ಎಂದು ಮಕ್ಕಳಿಗೆ ಹೇಳುತ್ತಾರೆ. ಆ ದಿನಗಳಲ್ಲಿ ಊರನ್ನು ಪ್ರಾರ್ಥನೆಗೆ ಕರೆಯುವವನು ನಾನು. ಉಳಿದ ವರ್ಷವಿಡೀ ಕೆಲಸವಿಲ್ಲದೆ ಊರು ನೋಡುತ್ತಾ ಕೂರುವುದು. ಅಂಥ ಪುಣ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ನೋಡುವುದಕ್ಕೆ ಬೆಲ್ಮೊರಾನ್‌ನಂಥ ಊರು ಬೇಕು. ಅದು ಸ್ಪೇನ್ ದೇಶದ ಪಶ್ಚಿಮದ ಅಂಚಿನಲ್ಲಿ, ಪೋರ್ಚುಗಲ್ ಗಡಿಗೆ ಒಂದು ದಿನದ ಹೇಸರಗತ್ತೆ ಪಯಣದಷ್ಟು ಈಚೆ, ಸೆರ್ವಾ ಹೊಳೆಯ ಮೇಲೆ ಎದ್ದ ಕಲ್ಲುದಿಣ್ಣೆಯ ಮೇಲಿದೆ. ರೋಮನ್ನರು ಬಂದು ಸೇತುವೆ ಕಟ್ಟಿ ಹೋದರು. ಅರಬರು ಬಂದು ಕೋಟೆಗೋಡೆ ಎಬ್ಬಿಸಿ, ಬಾವಿ ತೋಡಿ ಹೋದರು. ಆಮೇಲೆ ಬಂದವರು ಇದ್ದಬದ್ದ ಕಲ್ಲನ್ನೆಲ್ಲ ಕಿತ್ತು ನಮ್ಮ ಗೋಪುರವಿರುವ ಈ ದೊಡ್ಡ ಇಗರ್ಜಿಯನ್ನು, ಅಂದರೆ ಚರ್ಚನ್ನು, ಕಟ್ಟಿದರು. ಹಾಗಾಗಿ ಇಗರ್ಜಿಯ ಗೋಡೆಯಲ್ಲಿ ಅಲ್ಲಲ್ಲಿ ರೋಮನ್ ಸಮಾಧಿಯ ಅಕ್ಷರಗಳು ತಲೆಕೆಳಗಾಗಿ ನಿಂತಿವೆ, ಯಾರಿಗೂ ಅದರ ನಾಚಿಕೆಯಿಲ್ಲ. ಗೋಪುರದ ಕೆಳಗೆ ಕಮಾನುಸಾಲಿನ ಚೌಕ. ಗುರುವಾರ ಅಲ್ಲಿ ಸಂತೆ, ಸಂಜೆಯಾದರೆ ಇಡೀ ಊರು ಒಳ್ಳೆ ಬಟ್ಟೆ ತೊಟ್ಟು ಅದೇ ಚೌಕವನ್ನು ಸುತ್ತುತ್ತದೆ. ಚೌಕದ ಹಿಂದೆ ಕನ್ಯಾಮಠ, ಅಲ್ಲಿನ ಸನ್ಯಾಸಿನಿಯರು ಮುಖ ತೋರಿಸದೆ ತಿರುಗುವ ಕಪಾಟಿನಲ್ಲಿಟ್ಟು ಬಾದಾಮಿ ಮಿಠಾಯಿ ಮಾರುತ್ತಾರೆ. ರೈಲು ಬರುತ್ತೇನೆ ಎಂದಾಗ ಊರ ಹಿರಿಯರು ಹೊಗೆಗೆ ದ್ರಾಕ್ಷಿ ಕಪ್ಪಾಗುತ್ತದೆ ಎಂದು ಹೆದರಿ ಬೇಡವೆಂದರಂತೆ. ರೈಲು ಮುನಿಸಿಕೊಂಡು ಬೇರೆ ದಾರಿ ಹಿಡಿಯಿತು. ಊರು ಇದ್ದ ಹಾಗೇ ಉಳಿಯಿತು. ನನ್ನ ತಲೆಯ ಮೇಲೆ ಕೊಕ್ಕರೆಗಳು ಗೂಡು ಕಟ್ಟಿಕೊಂಡು, ಕೊಕ್ಕು ಬಡಿದು ನನ್ನನ್ನೇ ಅಣಕಿಸುತ್ತಿದ್ದವು.

ಇದೆಲ್ಲ ಮೇಲೂರು. ಸೇತುವೆಯ ಆಚೆ ತಗ್ಗಿನಲ್ಲಿ ಇನ್ನೊಂದು ಬೆಲ್ಮೊರಾನ್ ಇತ್ತು, ಅದಕ್ಕೆ ಆಚೆಕೇರಿ ಎನ್ನುತ್ತಿದ್ದರು. ಚರ್ಮ ಹದ ಮಾಡುವವರ ಕೇರಿ. ಮೇಲೂರಿನವರು ಆಚೆಕೇರಿಯ ಚರ್ಮದ ಬೂಟು ಮೆಟ್ಟುತ್ತಿದ್ದರು, ಆಚೆಕೇರಿಯ ಗಾಳಿ ಬೀಸಿದರೆ ಮೂಗು ಮುಚ್ಚುತ್ತಿದ್ದರು. ಆಚೆಕೇರಿಯವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ.

ಗೋಪುರದೊಳಗೇ ಗಂಟೆ ಹೊಡೆಯುವವನ ಸಂಸಾರ. ಅರ್ಧ ಮೆಟ್ಟಿಲು ಹತ್ತಿದರೆ ಅಡುಗೆಮನೆ, ಇನ್ನೂ ಹತ್ತಿದರೆ ಮಲಗುವ ಕೋಣೆ, ಅದರ ಮೇಲೆ ಕೋಳಿಗಳು, ಕೋಳಿಗಳ ಮೇಲೆ ನಾವು. ನನ್ನ ಕಾಲದಲ್ಲಿ ಅಲ್ಲಿದ್ದವನು ಗಾಸ್ಪರ್. ಅವನ ಭುಜ ಹಿಡಿದುಕೊಂಡು ಕೈ ಮೇಲೇಳದಾದಾಗ, ಹಗ್ಗಗಳೂ ನನ್ನ ಹಿಡಿಕೆಯೂ ಅವನ ಮಗಳು ಕಸಿಲ್ದಾಳ ಕೈಗೆ ಬಂದವು. ಆಕೆ ಗೋಪುರದಲ್ಲೇ ಹುಟ್ಟಿದವಳು. ಗಟ್ಟಿ ಮೈಯ, ಕಡಿಮೆ ಮಾತಿನ ಹೆಣ್ಣು. ಈಸ್ಟರ್‌ಗೆ ಮುಂಚಿನ ಗುರುವಾರ ನನ್ನನ್ನು ಮುಟ್ಟುವ ಮುಂಚೆ ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಒಂದು ಮರದ ತುಂಡಿಗೆ ಇಷ್ಟು ಮರ್ಯಾದೆ ಸಾಕಲ್ಲವೇ?

ನನ್ನ ಚರ್ಮದ ಕೀಲುಗಳು ವರ್ಷಕ್ಕೊಮ್ಮೆ ಒಣಗಿ ಬಿರುಕು ಬಿಡುತ್ತಿದ್ದವು. ಅವನ್ನು ಬದಲಿಸಲು ಆಚೆಕೇರಿಯಿಂದ ಚರ್ಮಗಾರನೊಬ್ಬನ ಮಗ ನಿಕನೋರ್ ಬರುತ್ತಿದ್ದ. ಒಂದು ದಿನದ ಕೆಲಸ. ಒಂದು ವರ್ಷ ಅದಕ್ಕೆ ವಾರ ಹಿಡಿಯಿತು. ಮರುವರ್ಷ ಬಿರುಕೇ ಬಿಡದ ಕೀಲನ್ನೂ ಬದಲಿಸಬೇಕಾಯಿತು. ಗಾಸ್ಪರ್ ಕೆಮ್ಮಿ, "ಲೋ ಹುಡುಗಾ, ಆ ಮತ್ರಾಕಕ್ಕೆ ಇನ್ನೂ ಕೀಲು ಹಾಕಿದ್ರೆ ಅದು ಕುದುರೆ ಜೀನಾಗುತ್ತೆ. ಏನು ಕೇಳ್ಬೇಕೋ ಕೇಳ್ಬಿಡು" ಎಂದ. ನನ್ನಿಂದ ಒಂದು ಮದುವೆಯಾಯಿತು ಎಂದು ನಾನು ಕಂಚಿನವರ ಮುಂದೆ ಬೀಗಿದ್ದೇ ಬೀಗಿದ್ದು.

ಗಂಟೆಗಳನ್ನು ಬಿಟ್ಟು ಕಸಿಲ್ದಾ ಹೋಗುವಂತಿರಲಿಲ್ಲ. ನಿಕನೋರ್ ಮನೆಅಳಿಯನಾಗಿ ಗೋಪುರಕ್ಕೇ ಬಂದ. ಅವನ ತಾಯಿ ಬ್ರಿಹಿದಾ ವಿಧವೆ, ಅವಳಿಗೆ ಇವನೊಬ್ಬನೇ ಮಗ. ಆಕೆ ಕೇರಿಯ ಬಾಯಲ್ಲಿ ನಿಂತು ಮೇಲೂರಿಗೆಲ್ಲ ಕೇಳುವಂತೆ ಕೂಗಿದಳು: "ಮೂಗು ಮುಚ್ಕೊಳ್ಳೋರು ನನ್ನ ಮಗನ್ನ ಮಾತ್ರ ಬಾಚ್ಕೊಂಡ್ರು! ಆ ಮೆಟ್ಲು ನಾನು ಹತ್ತಲ್ಲ. ನನ್ನ ಹೆಣಾನೂ ಹತ್ತಲ್ಲ!" ಹೇಳಿದಂತೆ ನಡೆದುಕೊಂಡಳು ಕೂಡ. ಸೊಸೆ ಕಳಿಸಿದ ಮೊಟ್ಟೆಗಳನ್ನು ಬೇಯಿಸಿ ತಿನ್ನುತ್ತಿದ್ದಳು, ಸೊಸೆಯ ಹೆಸರು ಮಾತ್ರ ಬಾಯಲ್ಲಿ ತರುತ್ತಿರಲಿಲ್ಲ. ಕಸಿಲ್ದಾಳಿಗೆ ಇದು ಒಳಗೇ ಕೊರೆಯುತ್ತಿತ್ತು. ನನ್ನ ಹಿಡಿಕೆಗೆ ಎಣ್ಣೆ ಸವರುತ್ತಾ ಆಚೆಕೇರಿಯ ಒಂದು ಚಾವಣಿಯನ್ನೇ ನೋಡುತ್ತಾ ನಿಲ್ಲುತ್ತಿದ್ದಳು.

ವರ್ಷಕ್ಕೊಂದು ದಿನ ಮಾತ್ರ ಬ್ರಿಹಿದಾಳ ಮುಖ ಅರಳುತ್ತಿತ್ತು. ಅದು ಶುಭ ಶುಕ್ರವಾರ. ಅಂದು ಮೇಲೂರಿನ ಇಗರ್ಜಿಯಿಂದ ಸ್ವಾಮಿಯ ಮರದ ಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಹೊತ್ತು, ಸೇತುವೆ ದಾಟಿ ಆಚೆಕೇರಿಯ ಗುಡಿಗೆ ತರುತ್ತಿದ್ದರು. ಪಲ್ಲಕ್ಕಿಯ ಸುತ್ತ ನೆಲದ ತನಕ ಕಪ್ಪು ಪರದೆ. ಹೊರುವವರು ಪರದೆಯೊಳಗೆ ಇರುವುದರಿಂದ ಅವರಿಗೆ ಹೊರಗಿನದೇನೂ ಕಾಣುವುದಿಲ್ಲ, ಹೊರಗಿನವರಿಗೆ ಅವರ ಪಾದ ಬಿಟ್ಟು ಬೇರೇನೂ ಕಾಣುವುದಿಲ್ಲ. ನಿಕನೋರ್ ಆ ಹೊರುವವರಲ್ಲಿ ಒಬ್ಬ. ಸೇತುವೆಯ ನಡುವೆ ಪಲ್ಲಕ್ಕಿಯನ್ನು ಊರುಗೋಲುಗಳ ಮೇಲೆ ನಿಲ್ಲಿಸಿ, ಪಾದ್ರಿಗಳು ಹೊಳೆಯನ್ನು ಹರಸುತ್ತಾರೆ. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಗೋಪುರದಿಂದ ನನ್ನ ದನಿ ಬಂದ ಮೇಲೇ ಪಲ್ಲಕ್ಕಿ ಏಳಬೇಕು, ಎದ್ದ ಮೇಲೆ ಆಚೆಕೇರಿಗೇ ಹೋಗಬೇಕು. ನಾನು ಬಡಿದರೆ ಮುಂದಕ್ಕೆ, ಸುಮ್ಮನಿದ್ದರೆ ನಿಂತಲ್ಲೇ. ಹಿಂದಕ್ಕೆ ಎಂಬುದೇ ಇಲ್ಲ. ಹಿಂದೊಮ್ಮೆ ಮಳೆ ಬಂತೆಂದು ಯಾರೋ ಬಿಷಪ್ಪರು ಸ್ವಾಮಿಯನ್ನು ಅರ್ಧದಾರಿಯಿಂದ ಹಿಂದಕ್ಕೆ ಕರೆದೊಯ್ದಿದ್ದರಂತೆ. ಆ ವರ್ಷವಿಡೀ ಆಚೆಕೇರಿ ಮೇಲೂರಿಗೆ ಒಂದು ಗೇಣು ಚರ್ಮ ಮಾರಲಿಲ್ಲ. ಆ ಸಿಟ್ಟು ಮೊಮ್ಮಕ್ಕಳ ಕಾಲಕ್ಕೂ ಆರಿರಲಿಲ್ಲ.

ಕಸಿಲ್ದಾಳ ಮದುವೆಯ ನಂತರ ಒಂದು ವರ್ಷ ಮಲೆಗಳಲ್ಲಿ ವಾರಗಟ್ಟಲೆ ಮಳೆ ಹೊಡೆದಿತ್ತು. ಶುಕ್ರವಾರ ಮಾತ್ರ ಊರಿನ ಮೇಲೆ ಒಗೆದು ಒಣಹಾಕಿದಂಥ ಬಿಸಿಲು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಲ್ಲಕ್ಕಿ ಸೇತುವೆಯ ನಡುವೆ ನಿಂತಿತು. ಆಚೆ ದಡದಲ್ಲಿ ಆಚೆಕೇರಿಗೆ ಆಚೆಕೇರಿಯೇ ಹಬ್ಬದ ಬಟ್ಟೆಯಲ್ಲಿ ಸಾಲುಗಟ್ಟಿತ್ತು, ಮೊದಲ ಸಾಲಿನಲ್ಲಿ ಬ್ರಿಹಿದಾ. ಕಸಿಲ್ದಾ ಅಂಗೈ ಒರೆಸಿಕೊಂಡು ನನ್ನ ಹಿಡಿಕೆ ಹಿಡಿದಳು. ಪಾದ್ರಿಗಳ ಕೈ ಇಳಿಯುವುದನ್ನೇ ನೋಡುತ್ತಿದ್ದವಳ ಕಣ್ಣು ಯಾಕೋ ಹೊಳೆಯ ಮೇಲ್ಗಡೆಗೆ ಹೊರಳಿತು. ಅಲ್ಲಿ, ತಿರುವಿನಾಚೆ, ಗಿರಣಿಗೆಂದು ಹೊಳೆಗೆ ಅಡ್ಡ ಹಾಕಿದ ಕಟ್ಟೆಯ ಹತ್ತಿರ, ಗಾಳಿಯಿಲ್ಲದೆ ಮರಗಳು ಬೀಳುತ್ತಿದ್ದವು. ಆಮೇಲೆ ಗಿರಣಿಯೇ ಕಾಣಲಿಲ್ಲ. ಅದಿದ್ದ ಜಾಗದಿಂದ ಕಂದು ಬಣ್ಣದ ನೀರು ಗೋಡೆಯ ಹಾಗೆ ಎದ್ದು ಬರುತ್ತಿತ್ತು. ಸೇತುವೆಯ ಮೇಲಿದ್ದವರಿಗೆ ಬಂಡೆಯ ತಿರುವು ಅಡ್ಡ, ಅವರಿಗೆ ಏನೂ ಕಾಣುವಂತಿರಲಿಲ್ಲ.

ಕಸಿಲ್ದಾ ಕೂಗಿದಳು: "ಅಪ್ಪಾ, ಕಟ್ಟೆ ಒಡೀತು!"

ಮೂಲೆಯ ಕುರ್ಚಿಯಲ್ಲಿದ್ದ ಗಾಸ್ಪರ್ ಎದ್ದು ಬಂದ. "ಗಂಟೆ ಹೊಡಿಯೇ!"

"ನಾಲಿಗೆ ಕಟ್ಟಿದೀನಲ್ಲಪ್ಪ! ಬಿಚ್ಚೋ ಹೊತ್ತಿಗೆ ನೀರು ಸೇತುವೆ ಮೇಲಿರುತ್ತೆ."

"ಹಾಗಾದ್ರೆ ಇದನ್ನ ತಿರುಗ್ಸು!"

"ತಿರುಗಿಸಿದ್ರೆ ಮುಂದಕ್ಕೆ ಹೋಗ್ತಾರೆ! ತಗ್ಗಿಗೆ ಹೋಗ್ತಾರೆ!"

ನಾನು ಬಡಿದರೆ ನಿಕನೋರ್ ನೀರಿನ ಬಾಯಿಗೆ, ಬಡಿಯದಿದ್ದರೆ ಅವನು ನಿಂತಲ್ಲಿಗೇ ನೀರು. ನನ್ನ ಜನ್ಮದಲ್ಲಿ ನನ್ನ ಬಗ್ಗೆ ನನಗೆ ಹೇಸಿಗೆಯಾದದ್ದು ಆ ಒಂದು ಗಳಿಗೆ ಮಾತ್ರ. ಒಂದೇ ಮಾತು ಬಲ್ಲವನಾಗಿ ಹುಟ್ಟಿದೆನಲ್ಲ ಎಂದು ಅಳು ಬಂತು.

ಕಸಿಲ್ದಾ ಹಿಡಿಕೆಯ ಇನ್ನೊಂದು ಬದಿಗೆ ಹೋದಳು. ಕಾಲೂರಿ ನಿಂತು, ನನ್ನನ್ನು ಎಡಕ್ಕೆ ಎಳೆದಳು.

"ಕಸಿಲ್ದಾ, ಅದು ಮುರಿದ್ಹೋಗುತ್ತೆ!" ಎಂದು ಗಾಸ್ಪರ್ ಕೂಗಿದ.

"ಮುರೀಲಿ!" ಎಂದಳು.

ನೋವಾಯಿತು, ಸುಳ್ಳು ಹೇಳುವುದಿಲ್ಲ. ಸುತ್ತಿಗೆಗಳು ಕೀಲಿಗೆ ವಿರುದ್ಧವಾಗಿ ಬಾಗಿ, ಹಲಗೆಯನ್ನು ಕೆರೆದು, ಸಿಕ್ಕಿಕೊಂಡು, ಠಳ್ಳನೆ ಕಿತ್ತು ಹಾರಿದವು. ಕರ್‍ರ್... ಠಳ್. ಕರ್‍ರ್... ಠಳ್. ಅದು ನನ್ನ ದನಿಯೇ ಅಲ್ಲ. ಮೂಳೆ ಮುರಿಯುವ ದನಿ. ಆಕೆ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸು ಎನ್ನಲಿಲ್ಲ.

ಸೇತುವೆಯ ಮೇಲೆ ನಡೆದದ್ದನ್ನು ನಾನು ಆಮೇಲೆ ನೂರು ಬಾಯಲ್ಲಿ ಕೇಳಿದ್ದೇನೆ. ಹೊರುವವರ ಮುಂದಾಳು ಲಿಯಾಂದ್ರೊ ಪಲ್ಲಕ್ಕಿಗೆ ಕೋಲು ಕುಟ್ಟಿ, "ಸದ್ದಾಯ್ತು! ಎತ್ತಿ! ಮುಂದಕ್ಕೆ!" ಎಂದ. ಪಲ್ಲಕ್ಕಿ ಎದ್ದಿತು. ಕತ್ತಲೆಯೊಳಗಿಂದ ನಿಕನೋರ್ ಕಿರುಚಿದ: "ಬೇಡ! ಮುಂದಕ್ಕೆ ಬೇಡ!"

"ಬಾಯ್ಮುಚ್ಚೋ! ಸ್ವಾಮಿ ಕೆಳಗಿದೀಯ, ನೆನಪಿರ್ಲಿ."

"ಕಿವಿ ಇಲ್ವಾ ನಿಮಗೆ? ಅವಳು ಅದನ್ನ ಹಿಂದಕ್ಕೆ ತಿರುಗಿಸ್ತಾ ಇದಾಳೆ! ನಾನು ಹೊಲಿದ ಕೀಲು ಹರೀತಿದೆ, ನಂಗೊತ್ತು ಆ ಸದ್ದು. ನನ್ನ ಹೆಂಡ್ತಿ ಸುಮ್‌ಸುಮ್ನೆ ಅದನ್ನ ಮುರಿಯೋಳಲ್ಲ. ಹಿಂದಕ್ಕೆ ಅಂತಿದಾಳೆ. ಹಿಂದಕ್ಕೆ ನಡೀರೋ!"

ಕಾಣದವರು ಕಾಣದವನ ಮಾತು ನಂಬಿದರು. ಲಿಯಾಂದ್ರೊ ಬೈಯುತ್ತಿದ್ದ ಹಾಗೇ ಒಳಗಿದ್ದವರೆಲ್ಲ ಇದ್ದಲ್ಲೇ ಮೈ ತಿರುಗಿಸಿ ಮೇಲೂರಿನ ಕಡೆ ಹೆಜ್ಜೆ ಹಾಕಿದರು. ಸ್ವಾಮಿಯ ಮುಖ ಆಚೆಕೇರಿಯ ಕಡೆಗೇ ಇತ್ತು, ಸ್ವಾಮಿ ಮಾತ್ರ ದೂರ ಸರಿಯುತ್ತಿದ್ದ. ಪಾದ್ರಿಗಳೂ ಮೆರವಣಿಗೆಯವರೂ ಏನೂ ತಿಳಿಯದೆ ಪಲ್ಲಕ್ಕಿಯ ದಾರಿ ಬಿಟ್ಟು ಹಿಂದಕ್ಕೆ ಸರಿದರು.

ಆಚೆ ದಡದಲ್ಲಿ ಹಳೆಯ ಸಿಟ್ಟೆಲ್ಲ ಭುಗಿಲೆಂದಿತು. "ನಮ್ಮ ಸ್ವಾಮೀನ ವಾಪಸ್ ಒಯ್ತಿದಾರೆ! ಮತ್ತೆ ವಾಪಸ್ ಒಯ್ತಿದಾರೆ!" ಎಲ್ಲರಿಗಿಂತ ಮುಂಚೆ ಓಡಿದವಳು ಬ್ರಿಹಿದಾ. ಕಾಲಿನ ಚಪ್ಪಲಿ ಕೈಗೆ ಬಂದಿತ್ತು. ಅವಳ ಹಿಂದೆ ಕೇರಿಗೆ ಕೇರಿಯೇ ಸೇತುವೆಗೆ ನುಗ್ಗಿತು. ಕೋಲು ಹಿಡಿದ ಗಂಡಸರು, ಮಗು ಎತ್ತಿಕೊಂಡ ಹೆಂಗಸರು, ನಡೆಯಲಾರದ ಅಜ್ಜಂದಿರನ್ನು ಬೆನ್ನಿಗೆ ಹಾಕಿಕೊಂಡವರು, ಏಕೆಂದರೆ ಆ ಜಗಳಕ್ಕೆ ಅಜ್ಜಂದಿರೇ ಸಾಕ್ಷಿ. ಮೇಲೂರಿನವರಿಗೆ ನಾಲ್ಕು ಬಾರಿಸಿಯೇ ತೀರುವುದೆಂದು ಹೊರಟವರಲ್ಲಿ ಒಬ್ಬರೂ ಹಿಂದುಳಿಯಲಿಲ್ಲ. ಗೋಪುರದಿಂದ ಇದನ್ನು ಕಂಡ ಕಸಿಲ್ದಾ ಬಾಯಿಗೆ ತೋಳು ಒತ್ತಿಕೊಂಡು, ಒಂದೇ ಕೈಯಲ್ಲಿ ತಿರುಗಿಸುತ್ತಲೇ ಇದ್ದಳು.

ಅವರು ಎತ್ತರದ ದಡ ಮುಟ್ಟಿ, ಮೊದಲ ಚಪ್ಪಲಿಯೇಟು ಲಿಯಾಂದ್ರೊನ ಟೋಪಿಗೆ ಬೀಳುವ ಹೊತ್ತಿಗೆ ಹಿಂದೆ ಗುಡುಗಿದಂತಾಯಿತು. ತಿರುಗಿ ನೋಡಿದರು. ನೀರು ಸೇತುವೆಯ ನೆತ್ತಿಯ ಮೇಲಿತ್ತು. ಆಚೆ ತುದಿಯ ಕಮಾನು ಬಾಗಿ ಬಿತ್ತು. ಆಚೆಕೇರಿಯ ಚಾವಣಿಗಳು ಒಂದೊಂದಾಗಿ ಕದಲಿ ಹೊರಟವು. ಎತ್ತಿದ ಕೋಲುಗಳು ಎತ್ತಿದ ಹಾಗೇ ಇದ್ದವು. ಕತ್ತೆ, ಕೋಳಿ, ಚರ್ಮದ ತೊಟ್ಟಿ ಎಲ್ಲ ಹೋಯಿತು. ಮನುಷ್ಯರಲ್ಲಿ ಒಂದು ಜೀವವೂ ಹೋಗಲಿಲ್ಲ. ಹೊಡೆಯಬಂದವರನ್ನು ಮೇಲೂರಿನವರು ತಬ್ಬಿಕೊಂಡು ಅತ್ತರು.

ಸಂಜೆ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ನಿಕನೋರ್ ಇರಬೇಕು ಎಂದು ಕಸಿಲ್ದಾ ಓಡಿದಳು. ಬಂದವಳು ಬ್ರಿಹಿದಾ. ಅವಳ ಹಿಂದೆ ನಿಕನೋರ್, ತಾಯಿಯ ಕೈ ಹಿಡಿಯಲೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ಆಕೆ ಯಾರನ್ನೂ ನೋಡದೆ ಕಿಟಕಿಗೆ ಹೋಗಿ, ಮೊದಲ ಬಾರಿಗೆ ಮೇಲಿನಿಂದ ತನ್ನ ಕೇರಿಯನ್ನು ನೋಡಿದಳು. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಸೊಸೆಯತ್ತ ತಿರುಗಿ ಕೇಳಿದಳು:

"ನಮ್ಮ ಕೇರಿಯೋರ್ನೆಲ್ಲ ಉಳಿಸ್ಬೇಕು ಅಂತ ತಿರುಗಿಸ್ದೆಯಂತೆ. ಊರೆಲ್ಲ ಹೇಳ್ತಿದೆ. ಹೌದಾ?"

ಹೌದು ಎಂದಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಕಸಿಲ್ದಾ ತಲೆ ತಗ್ಗಿಸಿದಳು. "ಇಲ್ಲ ಅತ್ತೆ. ನಂಗೆ ಆಗ ಯಾರ ನೆನಪೂ ಬರ್ಲಿಲ್ಲ. ಅವರೊಬ್ಬರದ್ದೇ."

ನಿಕನೋರ್ ಕಣ್ಣು ಮುಚ್ಚಿಕೊಂಡ. ನನಗೆ ಉಳಿದಿದ್ದ ನಾಲ್ಕು ಸುತ್ತಿಗೆಗಳೂ ನಡುಗಿದವು.

ಬ್ರಿಹಿದಾ ಮೂಗು ಒರೆಸಿಕೊಂಡಳು. "ನಾನೂ ಹಂಗೇ ಕಣೇ. ಸ್ವಾಮಿ ಹಿಂದೆ ಓಡಿದ್ಲು ಬ್ರಿಹಿದಾ ಅಂತ ಹೊಗಳ್ತಿದಾರೆ. ಸ್ವಾಮೀನ ಯಾರು ನೋಡಿದ್ರು? ಪರದೆ ಕೆಳಗೆ ಇವನ ಪಾದ ಕಾಣ್ತಿತ್ತು. ಎಲ್ಲಿದ್ರೂ ಗುರುತು ಹಿಡೀತೀನಿ ಆ ಪಾದ. ಅದು ನನ್ನ ಬಿಟ್ಟು ದೂರ ಹೋಗ್ತಿತ್ತು." ಕಸಿಲ್ದಾ ಹತ್ತಿರ ಹೋದಳು. ಅತ್ತೆ, ಹಿಡಿಕೆ ಎಳೆದು ಸುಲಿದು ರಕ್ತ ಸುರಿಯುತ್ತಿದ್ದ ಸೊಸೆಯ ಅಂಗೈಯನ್ನು ಹಿಡಿದು ತಿರುಗಿಸಿ ನೋಡಿ, "ಈ ಮನೇಲಿ ಒಂದು ಒಳ್ಳೆ ಬಟ್ಟೆಚೂರೂ ಇಲ್ವಾ?" ಎಂದು ಬೈಯುತ್ತಾ ತನ್ನ ಹಬ್ಬದ ಶಾಲನ್ನೇ ಹರಿದು ಕಟ್ಟಿದಳು. ಆಮೇಲೆ ಆಕೆ ಗೋಪುರ ಇಳಿದು ಹೋಗಲಿಲ್ಲ. ಸಾಯುವ ತನಕ ಕೋಳಿಗಳ ಯಜಮಾನಿಕೆ ಅವಳದೇ ಆಗಿತ್ತು, ಅಡುಗೆಮನೆಯ ಬಗ್ಗೆ ಜಗಳವೂ ದಿನಾ ಇತ್ತು. ಆ ಜಗಳಗಳನ್ನು ಕೇಳುವುದು ನನಗೆ ಬಹಳ ಇಷ್ಟವಾಗಿತ್ತು.

ಆಚೆಕೇರಿಯನ್ನು ಎತ್ತರದ ಇಳಿಜಾರಿನಲ್ಲಿ ಹೊಸದಾಗಿ ಕಟ್ಟಿದರು. ಮೇಲೂರಿನವರು ಕಲ್ಲು ಹೊತ್ತು ಕೊಟ್ಟರು, ಮೂಗು ಮುಚ್ಚದೆ. ಸೇತುವೆ ಎದ್ದ ಮೇಲಿನ ಮೊದಲ ಶುಭ ಶುಕ್ರವಾರ, ಪಲ್ಲಕ್ಕಿ ಏನು ಮಾಡಬೇಕೆಂದು ಚರ್ಚೆಯಾಯಿತು. ಹಿಂದಿನಂತೆ ನೇರ ಬನ್ನಿ ಎಂದು ಆಚೆಕೇರಿಯವರು ಹೇಳುತ್ತಾರೆಂದೇ ಎಲ್ಲರೂ ಎಣಿಸಿದ್ದರು. ಅವರು ಹಟ ಹಿಡಿದರು: "ನಡುವಿನಿಂದ ವಾಪಸ್ ಹೋಗ್ಲಿ. ನಾವು ಅಟ್ಟಿಸ್ಕೊಂಡು ಬರ್ತೀವಿ. ಬಂದು, ಒಟ್ಟಿಗೆ ಕರ್ಕೊಂಡು ಹೋಗ್ತೀವಿ." ಹಾಗೇ ಆಯಿತು. ಅಳಿದುಳಿದ ಸುತ್ತಿಗೆಗಳ ಕೀಲನ್ನು ನಿಕನೋರ್ ಎರಡೂ ಕಡೆ ಬಾಗುವಂತೆ ಸಡಿಲ ಹೊಲಿದುಕೊಟ್ಟ, ಕಸಿಲ್ದಾ ಮುಪ್ಪಿನ ತನಕ ನನ್ನನ್ನು ಎಡಕ್ಕೇ ತಿರುಗಿಸಿದಳು.

ಈಗ ಅವರಾರೂ ಇಲ್ಲ. ಕಂಚಿನ ದೊಡ್ಡಮ್ಮಂದಿರನ್ನು ವಿದ್ಯುತ್ ಮೋಟಾರು ತೂಗುತ್ತದೆ. ಹೊಸ ಮತ್ರಾಕವೊಂದು ಗೋಪುರದಲ್ಲಿದೆ, ಒಳ್ಳೆಯ ಹುಡುಗ. ನನ್ನನ್ನು ಇಗರ್ಜಿಯ ಪಕ್ಕದ ಬಾಗಿಲ ಬಳಿ, ಮಡಚುವ ಕುರ್ಚಿಗಳ ಜೊತೆ ಗೋಡೆಗೆ ಆನಿಸಿ ನಿಲ್ಲಿಸಿದ್ದಾರೆ. ಪ್ರವಾಸಿಗಳನ್ನು ಕರೆತರುವ ಗೈಡು, ಪಲ್ಲಕ್ಕಿ ಹಿಂದಿರುಗುವ ಈ ಆಚರಣೆ ರೋಮನ್ನರ ಕಾಲದ್ದಿರಬೇಕು ಎನ್ನುತ್ತಾನೆ. ಅವನ ಹೊಟ್ಟೆಪಾಡು, ಹೇಳಿಕೊಳ್ಳಲಿ. ನನಗೆ ಯಾರ ಮೇಲೂ ದೂರಿಲ್ಲ. ನನ್ನನ್ನು ಒಲೆಯಿಂದ ತಪ್ಪಿಸಿದವನಿದ್ದ, ಕೀಲು ಹೊಲಿದವನಿದ್ದ, ಬೇಕಾದ ಹೊತ್ತಿನಲ್ಲಿ ನನ್ನನ್ನು ಮುರಿಯುವಷ್ಟು ನಂಬಿದವಳೊಬ್ಬಳಿದ್ದಳು. ಒಂದು ಮರದ ಬಾಳಿಗೆ ಇದು ಹೆಚ್ಚೇ ಆಯಿತು.

ಶುಭ ಶುಕ್ರವಾರ ಮಧ್ಯಾಹ್ನ ಬಾಗಿಲು ತೆರೆದಿರುತ್ತದೆ. ಗೋಪುರದಿಂದ ಸದ್ದು, ಆಮೇಲೆ ಸೇತುವೆಯ ಮೇಲೆ ಓಟ, ಕೂಗು, ನಗು. ಮೇಲೂರಿಗೆ ಮಗನನ್ನು ಕೊಟ್ಟ ಆಚೆಕೇರಿಯ ತಾಯಂದಿರು ಎಲ್ಲರಿಗಿಂತ ಮುಂದೆ ಓಡಬೇಕು, ದಡದಲ್ಲಿ ಸೊಸೆಯಂದಿರು ಎರಡೂ ಕೈ ಚಾಚಿ ಅವರನ್ನು ಹಿಡಿದುಕೊಳ್ಳಬೇಕು. ಇದು ಯಾವಾಗ ಸೇರಿಕೊಂಡಿತೋ ಗೊತ್ತಿಲ್ಲ. ವಯಸ್ಸಾದವರಿಗೆ ಓಡಿ ಎದೆ ಬಡಿದುಕೊಳ್ಳುತ್ತಿರುತ್ತದೆ. ಸೊಸೆಯಂದಿರು ಅವರನ್ನು ನಡೆಸಿಕೊಂಡು ಈ ಬಾಗಿಲಿಂದ ಒಳಗೆ ತಂದು, ಕುರ್ಚಿ ಬಿಡಿಸಿ, ನನ್ನ ಪಕ್ಕದ ತಂಪಿನಲ್ಲಿ ಕೂರಿಸುತ್ತಾರೆ. ನಾನು ಯಾರೆಂದು ಅವರಿಗೆ ತಿಳಿಯದು. ಉಸಿರು ನೆಟ್ಟಗಾಗುವ ತನಕ ಒಬ್ಬರ ಕೈಯನ್ನು ಒಬ್ಬರು ಬಿಡುವುದಿಲ್ಲ.